ಹೊಲಿಗೆ ಬಿಚ್ಚುವ ದಿನದ ಜೊತೆ ಫಿಸಿಯೋ ದಿನವನ್ನೂ ಬರೆಯಿರಿ: ಮಂಡಿ ಆಪರೇಷನ್ ಮಾಡುವ ವೈದ್ಯರಿಗೆ ಬಹಿರಂಗ ಪತ್ರ

ಮಾನ್ಯ ವೈದ್ಯರೇ, ಆಸ್ಪತ್ರೆ ನಡೆಸುವ ಹಿರಿಯರೇ,

ನಾನು ಡಾಕ್ಟರಲ್ಲ, ವ್ಯಾಯಾಮ ಮಾಡಿಸಿ ಚಿಕಿತ್ಸೆ ಕೊಡುವ ಫಿಸಿಯೋ ಕೂಡ ಅಲ್ಲ. ಮಂಡಿಯ ಲಿಗಮೆಂಟ್ ಹರಿದುಕೊಂಡು, ಆಪರೇಷನ್ ಮಾಡಿಸಿಕೊಂಡು, ಮತ್ತೆ ಆಟಕ್ಕೆ ಇಳಿಯಲು ಹನ್ನೊಂದು ತಿಂಗಳು ತೆಗೆದುಕೊಂಡ ಒಬ್ಬ ರೋಗಿ. ಆ ಹನ್ನೊಂದು ತಿಂಗಳಲ್ಲಿ ಆಪರೇಷನ್ ಥಿಯೇಟರಿನಲ್ಲಿ ಕಳೆದದ್ದು ಎರಡು ಗಂಟೆಗೂ ಕಡಿಮೆ. ಆ ಕೆಲಸವನ್ನು ನಿಮ್ಮಲ್ಲೊಬ್ಬರು ಬಹಳ ಚೆನ್ನಾಗಿ ಮಾಡಿದರು. ಅವರ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ನಾನು ಮಾತಾಡಬೇಕಾಗಿರುವುದು ಉಳಿದ ದಿನಗಳ ಬಗ್ಗೆ.

ನನ್ನ ಎಡ ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿದದ್ದು ಶಟಲ್ ಆಡುವಾಗ. ಯಾರೂ ಡಿಕ್ಕಿ ಹೊಡೆಯಲಿಲ್ಲ, ಕಾಲು ಜಾರಲೂ ಇಲ್ಲ. ಹಿಂದಕ್ಕೆ ಹಾರಿ ಹೊಡೆದು ಒಂಟಿ ಕಾಲಲ್ಲಿ ಇಳಿದೆ. ಪಾದ ನೆಲಕ್ಕೆ ಕಚ್ಚಿಕೊಂಡಿತು, ಮೈ ಬೇರೆ ಕಡೆ ತಿರುಗಿತು, ಒಳಗೆ 'ಟಪ್' ಅಂತ ಸದ್ದಾಯಿತು. ಸಂಜೆಯೊಳಗೆ ಮಂಡಿ ಊದಿ ಚಿಪ್ಪಿನ ಗುರುತೇ ಸಿಗದ ಹಾಗಾಯಿತು. ಈ ಗಾಯ ಜಾಸ್ತಿ ಆಗುವುದೇ ಹೀಗಂತೆ. ಓಡುತ್ತಾ ಓಡುತ್ತಾ ಗಕ್ಕನೆ ನಿಲ್ಲುವಾಗ, ತಿರುಗುವಾಗ, ಹಾರಿ ಇಳಿಯುವಾಗ, ಯಾರೂ ಮುಟ್ಟದೆಯೇ. ಮೊಣಕಾಲ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿದಿಡುವ ಹಗ್ಗ ಅದು. ಒಳಗೆ ಆ ಹಗ್ಗ ಇಲ್ಲದಿದ್ದರೆ ನೆಟ್ಟಗೆ ನಡೆಯಬಹುದು. ಆದರೆ ತಿರುಗಿದ ಕೂಡಲೇ ಮಂಡಿ ಕೈಕೊಡಬಹುದು.

ಆಪರೇಷನ್ ಆಯಿತು. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನಿಂದ ಎಳೆ ತೆಗೆದು ಹೊಸ ಲಿಗಮೆಂಟ್ ಕೂರಿಸಿದರು. ಮನೆಗೆ ಕಳಿಸುವಾಗ ಒಂದು ಡಿಸ್ಚಾರ್ಜ್ ಚೀಟಿ ಕೊಟ್ಟರು. ಮಾತ್ರೆಗಳ ಹೆಸರು, ಎಷ್ಟು ಹೊತ್ತಿಗೆ ತೆಗೆದುಕೊಳ್ಳಬೇಕು, ಹೊಲಿಗೆ ಬಿಚ್ಚುವ ದಿನ, ಎಲ್ಲ ನೀಟಾಗಿ ಇತ್ತು. ಕೊನೆಯಲ್ಲಿ ಎರಡೇ ಪದ: 'ವ್ಯಾಯಾಮ ಮಾಡಿ.' ಜೊತೆಗೆ ಜೆರಾಕ್ಸ್ ಮೇಲೆ ಜೆರಾಕ್ಸ್ ಆಗಿ ಮಾಸಿಹೋದ ಒಂದು ಹಾಳೆ, ಅದರಲ್ಲಿ ನಾಲ್ಕು ಚಿತ್ರ. ಯಾವುದನ್ನು ಯಾವಾಗ ಶುರು ಮಾಡಬೇಕು, ಎಷ್ಟು ನೋವಾದರೆ ಪರವಾಗಿಲ್ಲ, ಎಲ್ಲಿ ನಿಲ್ಲಿಸಬೇಕು, ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಏನು ಕೇಳಬೇಕು ಅಂತ ಗೊತ್ತಿದ್ದರಲ್ಲವೇ ಕೇಳುವುದು?

ಮನೆಗೆ ಬಂದ ಮೊದಲ ರಾತ್ರಿಯೇ ಒಂದು ತಪ್ಪು ಮಾಡಿದೆ. ಮಂಡಿ ಕೆಳಗೆ ದಿಂಬು ಇಟ್ಟುಕೊಂಡೆ. ಊದಿಕೊಂಡ ಮಂಡಿಗೆ ಸ್ವಲ್ಪ ಮಡಚಿಕೊಂಡಿದ್ದರೇ ಹಿತ. ಕಾಲು ಚಾಚಿದರೆ ಹಿಂದೆ ಎಳೆದಂತಾಗುತ್ತದೆ, ದಿಂಬು ಇಟ್ಟರೆ ನಿದ್ದೆ ಬರುತ್ತದೆ. ಮೂರು ವಾರ ಹಾಗೇ ಮಲಗಿದೆ. ಹೊಸ ಲಿಗಮೆಂಟ್ ಕಿತ್ತುಬಂದೀತು ಅನ್ನುವ ಭಯಕ್ಕೆ ಕಾಲನ್ನು ಜಾಸ್ತಿ ಅಲ್ಲಾಡಿಸಲೂ ಇಲ್ಲ. ಹೊಲಿಗೆ ಬಿಚ್ಚುವಾಗ ಗಾಯ ನೋಡಿ 'ಚೆನ್ನಾಗಿ ಒಣಗಿದೆ' ಅಂದರು. ನಾನು ಖುಷಿಯಾಗಿ ಮನೆಗೆ ಬಂದೆ.

ನಾಲ್ಕನೇ ವಾರ ಸ್ನೇಹಿತರ ಒತ್ತಾಯಕ್ಕೆ ಒಬ್ಬ ಫಿಸಿಯೋ ಹತ್ತಿರ ಹೋದೆ. ಅವರು ನನ್ನನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಮಂಡಿಯ ಕೆಳಗೆ ತಮ್ಮ ಅಂಗೈ ತೂರಿಸಿದರು. ಬಲಗಾಲ ಕೆಳಗೆ ಬೆರಳ ತುದಿಯೂ ಹೋಗಲಿಲ್ಲ. ಎಡಗಾಲ ಕೆಳಗೆ ಇಡೀ ಕೈ ಆಚೆಗೆ ಬಂತು. 'ಈ ಸಂದು ಮುಚ್ಚಬೇಕು. ಇವತ್ತೇ ದಿಂಬು ತೆಗೆದುಬಿಡಿ' ಅಂದರು. ಆಮೇಲೆ ಒಂದು ಟವೆಲ್ ಸುತ್ತಿ ಮಂಡಿಯ ಕೆಳಗಲ್ಲ, ಹಿಮ್ಮಡಿಯ ಕೆಳಗೆ ಇಟ್ಟರು. ಮಂಡಿ ಗಾಳಿಯಲ್ಲಿ ತೂಗಾಡುತ್ತಾ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಗಿಳಿಯಬೇಕು. ಹತ್ತು ನಿಮಿಷ ಸುಮ್ನೆ ಹಾಗೇ ಇರಬೇಕು, ಅಷ್ಟೇ. ಆ ಹತ್ತು ನಿಮಿಷ ಎಷ್ಟು ಉದ್ದ ಅಂತ ಅನುಭವಿಸಿದವರಿಗೇ ಗೊತ್ತು.

ಮೊದಲ ವಾರಗಳಲ್ಲಿ ಕಾಲು ಪೂರ್ತಿ ನೆಟ್ಟಗಾಗದಿದ್ದರೆ ಮುಂದೆ ಕುಂಟು ಹಾಗೇ ಉಳಿಯಬಹುದು, ಚಿಪ್ಪಿನ ಮುಂದೆ ನೋವು ಶುರುವಾಗಬಹುದು, ತೊಡೆಯ ಸ್ನಾಯು ಸರಿಯಾಗಿ ಕೆಲಸ ಮಾಡುವುದಿಲ್ಲ. ಕೆಲವರಿಗೆ ಹೊಸ ಲಿಗಮೆಂಟಿನ ಮುಂದೆ ಗಾಯದ ಗಂಟು ಬೆಳೆದು ಬಾಗಿಲಿಗೆ ಕಲ್ಲು ಅಡ್ಡ ಇಟ್ಟ ಹಾಗೆ ಮಂಡಿ ನೆಟ್ಟಗಾಗುವುದನ್ನೇ ತಡೆಯುತ್ತದೆ. ಅದನ್ನು ತೆಗೆಯಲು ಮತ್ತೊಂದು ಆಪರೇಷನ್ ಬೇಕಾಗಬಹುದು. ನನಗೆ ಅಲ್ಲಿಯವರೆಗೂ ಹೋಗಲಿಲ್ಲ. ಆದರೆ ಮೂರು ವಾರದ ದಿಂಬಿನ ಸುಖಕ್ಕೆ ಎರಡು ತಿಂಗಳು ಬೆಲೆ ಕಟ್ಟಿದೆ. 'ಮಂಡಿ ಕೆಳಗೆ ದಿಂಬು ಇಡಬೇಡಿ' ಅನ್ನುವುದು ಒಂದು ಸಾಲು. ಡಿಸ್ಚಾರ್ಜ್ ದಿನ ಯಾರಾದರೂ ಆ ಒಂದು ಸಾಲು ಹೇಳಿದ್ದರೆ ಸಾಕಿತ್ತು.

ಎರಡನೆಯ ಪೆಟ್ಟು ಇನ್ನೂ ವಿಚಿತ್ರ. 'ತೊಡೆ ಬಿಗಿ ಮಾಡಿ' ಅಂದರು ಫಿಸಿಯೋ. ನಾನು ನನ್ನದೇ ತೊಡೆಯನ್ನು ನೋಡುತ್ತಾ ಬಿಗಿ ಮಾಡಲು ಹೊರಟೆ. ಏನೂ ಆಗಲಿಲ್ಲ. ಹಲ್ಲು ಕಚ್ಚಿದೆ, ಕತ್ತು ಬಿಗಿಯಾಯಿತು, ಬಲಗಾಲು ಬಿಗಿಯಾಯಿತು, ಎಡತೊಡೆ ಮಾತ್ರ ಬೇರೆ ಯಾರದೋ ಎಂಬಂತೆ ಮೆತ್ತಗೆ ಬಿದ್ದಿತ್ತು. ನಿಜ ಹೇಳುತ್ತೇನೆ, ಅವತ್ತು ಹೆದರಿಕೆಯಾಯಿತು. ನರ ಏನಾದರೂ ತುಂಡಾಗಿದೆಯಾ ಅಂತ ಕೇಳಿದೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಕೀಲಿನೊಳಗೆ ನೀರು ತುಂಬಿ ಊದಿದಾಗ ಮೆದುಳು-ಬೆನ್ನುಹುರಿಯ ಕಡೆಯಿಂದಲೇ ತೊಡೆಯ ಮುಂದಿನ ಸ್ನಾಯುವಿಗೆ ಬರುವ ಆಜ್ಞೆ ತಗ್ಗುತ್ತದೆ. ಗಾಯವೇ ಇಲ್ಲದ ಮಂಡಿಗೆ ಸೂಜಿಯಿಂದ ಉಪ್ಪುನೀರು ತುಂಬಿಸಿದರೂ ಆ ಸ್ನಾಯು ಸೊರಗುತ್ತದೆ ಅಂತ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಅಂದರೆ ಇದು ಸೋಮಾರಿತನ ಅಲ್ಲ, ಮನಸ್ಸು ಮಾಡದಿರುವುದೂ ಅಲ್ಲ. ಸ್ವಿಚ್ಚೇ ಆಫ್ ಆಗಿರುತ್ತದೆ. ಊತ ಇಳಿಸಬೇಕು, ಆ ಸ್ವಿಚ್ಚನ್ನು ಮತ್ತೆ ಹಾಕಬೇಕು. ಕರೆಂಟ್ ಪ್ಯಾಡ್ ಅಂಟಿಸಿ ಸ್ನಾಯುವನ್ನು ಎಬ್ಬಿಸುತ್ತಾ, ಅದರ ಜೊತೆಗೇ ನಾನೂ ಬಿಗಿ ಮಾಡಲು ಪ್ರಯತ್ನಿಸುತ್ತಾ, ಐದನೇ ದಿನ ಚಿಪ್ಪು ಒಂದು ಎಳೆಯಷ್ಟು ಮೇಲಕ್ಕೆ ಸರಿಯಿತು. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂತು.

ಟೇಪ್ ಹಿಡಿದು ಅಳೆದಾಗ ಎಡತೊಡೆ ಬಲಕ್ಕಿಂತ ಮೂರು ಸೆಂಟಿಮೀಟರ್ ಸಣ್ಣಗಾಗಿತ್ತು. ಅದನ್ನು ವಾಪಸ್ ತರಲು ಏನೇನು ಮಾಡಬೇಕು ಅಂತ ನಿಮಗೆ ಗೊತ್ತಿದೆ, ಪಟ್ಟಿ ಬೇಡ. ಕಾಲು ನೇರವಾಗಿಟ್ಟು ಎತ್ತುವುದರಿಂದ ಹಿಡಿದು, ಸೈಕಲ್ ತುಳಿಯುವುದು, ಮೆಟ್ಟಿಲ ಅಂಚಲ್ಲಿ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ಮುಟ್ಟಿಸಿ ಏಳುವುದು, ಭಾರ ಎತ್ತುವುದು, ಹಾರುವುದು. ನನ್ನನ್ನು ಹೆಚ್ಚು ಕಾಡಿದ್ದು ಮೆಟ್ಟಿಲು ಇಳಿಯುವುದು. ಹತ್ತುವುದು ಎರಡನೇ ತಿಂಗಳಲ್ಲೇ ಬಂತು. ಇಳಿಯುವಾಗ ಮಂಡಿ ನಡುಗುತ್ತಿತ್ತು, ಒಳಕ್ಕೆ ವಾಲುತ್ತಿತ್ತು. ಕನ್ನಡಿ ಮುಂದೆ ನಿಲ್ಲಿಸಿ, ಮಂಡಿ ಪಾದದ ಬೆರಳುಗಳ ನೇರಕ್ಕೇ ಹೋಗುತ್ತಿದೆಯಾ ನೋಡಿಕೊಳ್ಳಿ ಅಂದರು. ಕನ್ನಡಿ ನೋಡದೆ ಮಾಡುತ್ತಿದ್ದಾಗ ಸರಿಯಾಗಿಯೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ! ಇಂಥದ್ದನ್ನು ಜೆರಾಕ್ಸ್ ಹಾಳೆ ಹೇಗೆ ಹೇಳೀತು? ಪಕ್ಕದಲ್ಲೊಬ್ಬರು ನಿಂತು ನೋಡಲೇಬೇಕು.

ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಇದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಮೂರನೇ ತಿಂಗಳ ಹೊತ್ತಿಗೆ ನೋವು ಹೋಗಿತ್ತು, ಊತ ಇರಲಿಲ್ಲ, ಊರುಗೋಲು ಮೂಲೆ ಸೇರಿ ಬಹಳ ದಿನ ಆಗಿತ್ತು. ಎಲ್ಲ ಮುಗಿಯಿತು ಅನ್ನಿಸಿತ್ತು. ಆದರೆ ಒಳಗೆ ಕೂರಿಸಿದ ಎಳೆ ಮೊದಲ ದಿನ ಇದ್ದಷ್ಟು ಗಟ್ಟಿಯಾಗಿ ಆಗ ಇರುವುದಿಲ್ಲ. ಅದರ ಹಳೆಯ ಜೀವಕೋಶಗಳು ಸತ್ತು, ಹೊಸ ರಕ್ತನಾಳ ಬೆಳೆದು, ನಿಧಾನಕ್ಕೆ ಅದು ಲಿಗಮೆಂಟಿನ ಗುಣ ಪಡೆಯಬೇಕು. ಆ ನಡುವಿನ ವಾರಗಳಲ್ಲೇ, ಸುಮಾರು ಆರರಿಂದ ಹನ್ನೆರಡನೇ ವಾರದ ಆಸುಪಾಸಿನಲ್ಲಿ, ಅದು ಅತ್ಯಂತ ದುರ್ಬಲ. ರೋಗಿಗೆ ಧೈರ್ಯ ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ನೋವಿಲ್ಲ ಅಂದರೆ ವಾಸಿಯಾಗಿದೆ ಅಂತ ನಾವು ಚಿಕ್ಕಂದಿನಿಂದ ನಂಬಿರುತ್ತೇವೆ. ಈ ಒಂದು ಗಾಯದಲ್ಲಿ ಆ ನಂಬಿಕೆ ಮೋಸ ಮಾಡುತ್ತದೆ. ನೀವು ಬಾಯಿಬಿಟ್ಟು ಹೇಳದಿದ್ದರೆ ನಮಗೆ ಗೊತ್ತಾಗುವ ದಾರಿಯೇ ಇಲ್ಲ.

ಆರನೇ ತಿಂಗಳ ಚೆಕಪ್‌ಗೆ ಬಂದೆ. ಡಾಕ್ಟರು ಮಂಡಿ ಮಡಚಿ ನೋಡಿದರು, ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡಿದರು. ಗಟ್ಟಿಯಾಗಿದೆ. 'ಆರು ತಿಂಗಳಾಯಿತಲ್ಲ, ಇನ್ನು ಆಡಬಹುದು' ಅಂದರು. ಅವರು ಹೇಳಿದ್ದು ಲಿಗಮೆಂಟಿನ ಬಗ್ಗೆ. ನನಗೆ ಕೇಳಿಸಿದ್ದು ನನ್ನ ಇಡೀ ಕಾಲಿನ ಬಗ್ಗೆ.

ಅದೇ ವಾರ ಫಿಸಿಯೋಗೆ ಈ ಸುದ್ದಿ ಹೇಳಿದೆ. ಅವರು ವಾದ ಮಾಡಲಿಲ್ಲ. ನೆಲದ ಮೇಲೆ ಒಂದು ಗೆರೆ ಎಳೆದರು. 'ಬಲಗಾಲಲ್ಲಿ ಒಂದೇ ಸಲ ಹಾರಿ, ಇಳಿದ ಜಾಗದಲ್ಲಿ ಅಲ್ಲಾಡದೆ ನಿಲ್ಲಿ.' ಹಾರಿದೆ. 140 ಸೆಂಟಿಮೀಟರ್. 'ಈಗ ಎಡಗಾಲು.' ಗೆರೆಯ ಹತ್ತಿರ ನಿಂತೆ. ಮೈ ಮುಂದಕ್ಕೆ ಹೋಗಲು ಒಪ್ಪಲಿಲ್ಲ. ಮೂರು ಸಲ ಕೈ ಬೀಸಿದೆ, ಮೂರು ಸಲವೂ ಹಾರದೆ ನಿಂತೆ. ನಾಲ್ಕನೇ ಸಲ ಹಾರಿದೆ. 97 ಸೆಂಟಿಮೀಟರ್, ಅದೂ ಇಳಿದ ಮೇಲೆ ಗೋಡೆ ಹಿಡಿದುಕೊಂಡೆ. ಒಳ್ಳೆಯ ಕಾಲಿನ ನೂರಕ್ಕೆ 69ರಷ್ಟು. ಕನಿಷ್ಠ 90 ಬೇಕು ಅಂದರು. ಅದೂ ಒಂದು ಹಾರಾಟದಲ್ಲಲ್ಲ, ಒಂಟಿ ಹಾರಾಟ, ಮೂರು ಹಾರಾಟ, ಗೆರೆ ದಾಟುತ್ತಾ ಅಡ್ಡಡ್ಡ ಹಾರಾಟ, ಆರು ಮೀಟರ್ ದೂರವನ್ನು ಕುಂಟುತ್ತಾ ಹಾರಿ ಮುಗಿಸುವ ಸಮಯ, ಎಲ್ಲದರಲ್ಲೂ. ತೊಡೆಯ ಬಲವನ್ನು ಬೇರೆಯಾಗಿ ಅಳೆಯಬೇಕು, ಯಾಕೆಂದರೆ ಸೊಂಟ ಮತ್ತು ಪಾದದ ಬಲದಿಂದ ದೂರ ಹಾರಿಬಿಡಬಹುದು, ಮಂಡಿ ಮಾತ್ರ ಹಿಂದೆಯೇ ಉಳಿದಿರುತ್ತದೆ. ಇಷ್ಟು ತಿಂಗಳು ಆಟವಿಲ್ಲದೆ ಒಳ್ಳೆಯ ಕಾಲೂ ಸೊರಗಿರುತ್ತದೆ ಅನ್ನುವುದನ್ನೂ ಮರೆಯಬಾರದು ಅಂತ ಅವರೇ ಹೇಳಿದರು. ಸೊರಗಿದ ಕಾಲಿಗೆ ಹೋಲಿಸಿ 90 ಬಂದರೆ ಅದು ನಿಜವಾದ 90 ಅಲ್ಲ.

ಆ 97ರ ಜೊತೆ ನಾನು ಶಟಲ್ ಕೋರ್ಟಿಗೆ ಇಳಿದಿದ್ದರೆ? ನಾರ್ವೆಯ ಓಸ್ಲೋ ಮತ್ತು ಅಮೆರಿಕದ ಡೆಲವೇರ್ ತಂಡಗಳು ಸೇರಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎಸಿಎಲ್ ಆಪರೇಷನ್ ಆದ 106 ಜನರನ್ನು ಎರಡು ವರ್ಷ ಗಮನಿಸಿದರು. ಒಂಬತ್ತು ತಿಂಗಳು ತುಂಬುವವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಮಂಡಿಗೆ ಪೆಟ್ಟಾಗುವ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಾ ಬಂತು. ಬಲದ ಪರೀಕ್ಷೆ, ಹಾರುವ ಪರೀಕ್ಷೆಗಳಲ್ಲಿ ಪಾಸಾಗದೆ ಆಟಕ್ಕೆ ಇಳಿದವರಲ್ಲಿ ನೂರಕ್ಕೆ 38 ಜನರಿಗೆ ಮತ್ತೆ ಪೆಟ್ಟಾಯಿತು. ಪಾಸಾಗಿ ಇಳಿದವರಲ್ಲಿ ನೂರಕ್ಕೆ 6 ಜನರಿಗೂ ಆಗಲಿಲ್ಲ. ವಯಸ್ಸು 25ರ ಒಳಗಿದ್ದು ಆಟಕ್ಕೆ ಮರಳಿದವರಲ್ಲಿ ಹತ್ತಿರಹತ್ತಿರ ನಾಲ್ಕರಲ್ಲಿ ಒಬ್ಬರು ಅದೇ ಕಾಲಿನದೋ ಇನ್ನೊಂದು ಕಾಲಿನದೋ ಎಸಿಎಲ್ಲನ್ನು ಮತ್ತೆ ಹರಿದುಕೊಳ್ಳುತ್ತಾರೆ ಅಂತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಇಷ್ಟೆಲ್ಲ ಗೊತ್ತಿದ್ದೂ ಕ್ಯಾಲೆಂಡರ್ ನೋಡಿ 'ಆಡಬಹುದು' ಅನ್ನುವುದು ಸರಿಯಾ? ಒಂದು ಟೇಪು, ಒಂದು ಗೆರೆ, ಇಪ್ಪತ್ತು ನಿಮಿಷ. ಹಾರುವ ಪರೀಕ್ಷೆಗೆ ಬೇಕಾದದ್ದು ಅಷ್ಟೇ ಅಲ್ವಾ?

ಬೇಗ ಮರಳುವವರೇ ಗಟ್ಟಿಗರು ಅಂತ ನಂಬುವ ಆಟಗಾರರಿಗೆ, ಅವರ ಕೋಚ್‌ಗಳಿಗೆ, ತಂದೆತಾಯಿಗೆ ನೀವು ಒಂದು ಉದಾಹರಣೆ ಕೊಡಬಹುದು. ಸ್ಪೇನ್‌ನ ಅಲೆಕ್ಸಿಯಾ ಪುಟೆಯಾಸ್ 2021 ಮತ್ತು 2022ರಲ್ಲಿ ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿ ಗೆದ್ದ ಫುಟ್‌ಬಾಲ್ ಆಟಗಾರ್ತಿ. 2022ರ ಜುಲೈನಲ್ಲಿ, ಯೂರೋ ಟೂರ್ನಿ ಶುರುವಾಗುವ ಮುನ್ನಾದಿನ, ಅವರ ಎಸಿಎಲ್ ಹರಿಯಿತು. ಅವರು ಮತ್ತೆ ಮೈದಾನಕ್ಕೆ ಇಳಿದದ್ದು 2023ರ ಏಪ್ರಿಲ್ ಕೊನೆಯಲ್ಲಿ. ದೊಡ್ಡ ಕ್ಲಬ್ಬಿನ ವೈದ್ಯರು, ಫಿಸಿಯೋಗಳು ಬೆನ್ನಿಗಿದ್ದೂ ಅವರಿಗೆ ಹತ್ತಿರಹತ್ತಿರ ಹತ್ತು ತಿಂಗಳು ಬೇಕಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಅವರಿದ್ದ ಸ್ಪೇನ್ ತಂಡ ವಿಶ್ವಕಪ್ ಗೆದ್ದಿತು. ಕೆಲಸ ಮುಗಿಸಿಕೊಂಡು ಸಂಜೆ ಹೊತ್ತು ವ್ಯಾಯಾಮ ಮಾಡುವ ನಮ್ಮಂಥವರಿಗೆ ಆರು ತಿಂಗಳು ಸಾಕು ಅಂತ ಯಾವ ಲೆಕ್ಕದಲ್ಲಿ ಹೇಳುವುದು?

ಗೆರೆಯ ಹತ್ತಿರ ಮೂರು ಸಲ ಹಾರದೆ ನಿಂತೆನಲ್ಲ, ಅದರ ಬಗ್ಗೆಯೂ ಒಂದು ಮಾತು. ಅದು ಸ್ನಾಯುವಿನ ಸಮಸ್ಯೆ ಮಾತ್ರ ಅಲ್ಲ. ಭಯ. ಆ 'ಟಪ್' ಸದ್ದು ಕಿವಿಯಿಂದ ಹೋಗಿರಲಿಲ್ಲ. ಆಪರೇಷನ್ ಆದವರಲ್ಲಿ ಸ್ಪರ್ಧೆಯ ಮಟ್ಟದ ಆಟಕ್ಕೆ ಮರಳುವವರು ಸುಮಾರು ಅರ್ಧದಷ್ಟೇ ಜನ, ನೂರಕ್ಕೆ 55. ಹಿಂದೆ ಉಳಿದವರೆಲ್ಲರ ಮಂಡಿಯೂ ಕೆಟ್ಟಿರುವುದಿಲ್ಲ, ಎಷ್ಟೋ ಜನರನ್ನು ತಡೆಯುವುದು ಈ ಭಯವೇ. ಅದನ್ನು ಅಳೆಯಲು ಪ್ರಶ್ನಾವಳಿಗಳೇ ಇವೆ. 'ಮತ್ತೆ ಪೆಟ್ಟಾಗುತ್ತದೆ ಅಂತ ಹೆದರಿಕೆ ಇದೆಯಾ?' ಅಂತ ನನ್ನನ್ನು ಮೊದಲ ಸಲ ಕೇಳಿದ್ದು ಆ ಫಿಸಿಯೋ. ಇದೆ ಅಂತ ಒಪ್ಪಿಕೊಂಡದ್ದೇ ತಡ, ಅರ್ಧ ಭಾರ ಇಳಿಯಿತು. ಆಮೇಲೆ ಅವರು ಚಿಕ್ಕ ಚಿಕ್ಕ ಹಾರಾಟದಿಂದ ಶುರು ಮಾಡಿ, ಪ್ರತಿ ಸಲ ಇಳಿದಾಗಲೂ 'ಮಂಡಿ ತಡೆಯಿತು, ನೋಡಿದಿರಾ?' ಅನ್ನುತ್ತಿದ್ದರು. ಹನ್ನೊಂದನೇ ತಿಂಗಳಲ್ಲಿ ಬಲಗಾಲು 145, ಎಡಗಾಲು 132. ನೂರಕ್ಕೆ 91. ಅವತ್ತು ಗೋಡೆ ಹಿಡಿಯಲಿಲ್ಲ.

ನಿಮ್ಮ ಆಪರೇಷನ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಕತ್ತಿ ಹಿಡಿಯುವ ಮೊದಲೂ ಫಿಸಿಯೋಗೆ ಒಂದು ಜಾಗ ಇದೆ. ಸ್ವೀಡನ್‌ನಲ್ಲಿ 121 ಯುವ, ಚುರುಕಾದ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗ ಆಪರೇಷನ್ ಮತ್ತು ವ್ಯಾಯಾಮ. ಇನ್ನೊಂದು ಗುಂಪಿಗೆ ಮೊದಲು ವ್ಯಾಯಾಮ, ಬೇಕೇ ಬೇಕು ಅನ್ನಿಸಿದರೆ ಆಮೇಲೆ ಆಪರೇಷನ್. ಎರಡು ವರ್ಷದ ನಂತರ ನೋವು, ಓಡಾಟ, ದಿನನಿತ್ಯದ ಬದುಕು ಎಲ್ಲವನ್ನೂ ಕೇಳಿ ನೋಡಿದರೆ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎರಡನೇ ಗುಂಪಿನ 59 ಜನರಲ್ಲಿ 23 ಜನ ಆ ಹೊತ್ತಿಗೆ ಆಪರೇಷನ್ ಮಾಡಿಸಿಕೊಂಡಿದ್ದರು, 36 ಜನಕ್ಕೆ ಅಲ್ಲಿಯವರೆಗೆ ಬೇಕಾಗಿರಲಿಲ್ಲ. ಯಾರಿಗೆ ಆಪರೇಷನ್ ಬೇಕು ಅಂತ ತೀರ್ಮಾನಿಸುವವರು ನೀವೇ. ಮಂಡಿ ಪದೇ ಪದೇ ಕೈಕೊಡುವವರಿಗೆ, ತಿರುಗಿ ಹಾರುವ ಆಟ ಬಿಡಲಾಗದವರಿಗೆ, ಮಂಡಿಯ ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ಸೂ ಹರಿದವರಿಗೆ ಬೇಕಾಗಬಹುದು. ಆದರೆ ಎಂಆರ್‌ಐ ರಿಪೋರ್ಟ್ ಕೈಗೆ ಬಂದ ದಿನವೇ ಆಪರೇಷನ್ ದಿನ ಗೊತ್ತುಮಾಡುವ ಮೊದಲು, ವ್ಯಾಯಾಮ ಅನ್ನುವ ಇನ್ನೊಂದು ದಾರಿಯೂ ಇದೆ ಅಂತ ರೋಗಿಗೆ ಹೇಳಿ. ಆಪರೇಷನ್ನೇ ಆಗಲಿ ಅಂದರೂ ಅದಕ್ಕೆ ಮೊದಲು ಊತ ಇಳಿಸಿ, ಕಾಲು ನೆಟ್ಟಗೆ ಮಾಡಿಸಿ, ತೊಡೆಗೆ ಬಲ ತುಂಬಿಸಿ ಕಳಿಸಿದರೆ ಆಮೇಲಿನ ದಾರಿ ಸಲೀಸು. ನನ್ನ ಗಾಯಕ್ಕೂ ಆಪರೇಷನ್‌ಗೂ ನಡುವೆ ಐದು ವಾರ ಇತ್ತು. ಆ ಐದು ವಾರ ನಾನು ಸೋಫಾದ ಮೇಲೆ ಕಾಯುತ್ತಾ ಕೂತಿದ್ದೆ.

ಆಸ್ಪತ್ರೆ ನಡೆಸುವವರಲ್ಲಿ ನನ್ನ ಕೋರಿಕೆ ಬೇರೆ. ನನ್ನ ಡಾಕ್ಟರು, ನನ್ನ ಫಿಸಿಯೋ ಇಬ್ಬರೂ ಒಂದೇ ಮಂಡಿಗೆ ಹನ್ನೊಂದು ತಿಂಗಳು ಚಿಕಿತ್ಸೆ ಕೊಟ್ಟರು. ಒಮ್ಮೆಯೂ ಮಾತಾಡಿಕೊಳ್ಳಲಿಲ್ಲ. ಎಳೆ ಎಲ್ಲಿಂದ ತೆಗೆದರು, ಮೆನಿಸ್ಕಸ್ಸಿಗೆ ಹೊಲಿಗೆ ಹಾಕಿದ್ದಾರಾ, ಎಷ್ಟು ದಿನ ಭಾರ ಹಾಕಬಾರದು, ಇವನ್ನೆಲ್ಲ ಫಿಸಿಯೋ ನನ್ನನ್ನು ಕೇಳುತ್ತಿದ್ದರು. ನನಗೇನು ಗೊತ್ತು? ಆಪರೇಷನ್ ನೋಟ್ಸಿನ ಒಂದು ಪ್ರತಿ ಅವರ ಕೈಗೆ ನೇರವಾಗಿ ಹೋಗುವ ವ್ಯವಸ್ಥೆ ಮಾಡಿ. ವಾರಕ್ಕೆ ಮೂರು ದಿನ ಫಿಸಿಯೋ ಹತ್ತಿರ ಬರಲಾಗದವರು ಬಹಳ ಜನ ಇರುತ್ತಾರೆ. ದೂರ, ಕೆಲಸ, ಮಕ್ಕಳು. ಅಂಥವರನ್ನು ಕೈಬಿಡಬೇಕಾಗಿಲ್ಲ. ಮೂರು ವಾರಕ್ಕೊಮ್ಮೆ ಕರೆದು ಅಳೆದು, ಮುಂದಿನ ಹಂತ ಕಲಿಸಿ ಕಳಿಸಿದರೂ ಶ್ರದ್ಧೆಯಿರುವವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಆದರೆ ಮುಂದಿನ ಹಂತ ಯಾವುದು ಅಂತ ಯಾರಾದರೂ ಹೇಳಬೇಕು. ಕೊನೆಯ ಚೆಕಪ್‌ಗೆ ಫಿಸಿಯೋ ಅಳತೆಗಳಿಲ್ಲದೆ ಯಾರನ್ನೂ ಆಟಕ್ಕೆ ಬಿಡಬೇಡಿ.

ನನ್ನ ಆ ಡಿಸ್ಚಾರ್ಜ್ ಚೀಟಿ ಇನ್ನೂ ಫೈಲಿನಲ್ಲಿದೆ. ಈ ಪತ್ರ ಬರೆಯುವ ಮೊದಲು ತೆಗೆದು ನೋಡಿದೆ. ಹೊಲಿಗೆ ಬಿಚ್ಚುವ ದಿನಾಂಕ ನೀಲಿ ಇಂಕಿನಲ್ಲಿದೆ, ಪಕ್ಕದಲ್ಲಿ ಸಮಯವೂ ಇದೆ, ಬೆಳಿಗ್ಗೆ ಹನ್ನೊಂದೂವರೆ. ಅದರ ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ. ಮುಂದಿನ ರೋಗಿಯ ಚೀಟಿಯಲ್ಲಿ ಆ ಜಾಗದಲ್ಲಿ ಫಿಸಿಯೋ ಹತ್ತಿರ ಹೋಗಬೇಕಾದ ಮೊದಲ ದಿನಾಂಕ ಬರೆಯಿರಿ. ಅದು ಹೊಲಿಗೆಯ ದಿನಾಂಕಕ್ಕಿಂತ ಮುಂಚಿನದಾಗಿರಲಿ.

ಇಂತಿ ನಿಮ್ಮ,
ಒಬ್ಬ ರೋಗಿ